ನೋವರಿಯದ ಪಾದಕ್ಕೆ ಕಾವಲು

ಚಕ್ಕಳಮಕ್ಕಳ ಹಾಕಿ ಬಹಳ ಹೊತ್ತು ಕುಳಿತು ಎದ್ದಾಗ ಕಾಲು ಜೋಮು ಹಿಡಿದಿರುವುದು ನಿಮ್ಮೆಲ್ಲರ ಅನುಭವಕ್ಕೂ ಬಂದಿರಬೇಕು. ಕಾಲು ನೆಲದ ಮೇಲಿದೆಯೆಂದು ಕಣ್ಣಿಗೆ ಕಾಣುತ್ತದೆ, ಆದರೆ ನೆಲ ಪಾದಕ್ಕೆ ತಿಳಿಯುವುದಿಲ್ಲ. ಗೋಡೆ ಹಿಡಿದು ನಿಂತು ಕಾಲನ್ನು ಒದರಿದರೆ ಎರಡು ನಿಮಿಷದಲ್ಲಿ ಎಲ್ಲವೂ ಸರಿಹೋಗುತ್ತದೆ. ಒಂದು ವೇಳೆ ಸರಿಹೋಗದೇ ಇದ್ದರೆ? ಜೋಮು ಜೀವನಪೂರ್ತಿ ಉಳಿದುಬಿಟ್ಟರೆ? ಚಪ್ಪಲಿಯೊಳಗೆ ಸೇರಿಕೊಂಡ ಕಲ್ಲು, ಅಂಗಾಲಿಗೆ ನಾಟಿದ ಮುಳ್ಳು, ಬಿಸಿಲಿನಲ್ಲಿ ಕಾದ ದೇವಸ್ಥಾನದ ಕಲ್ಲುಹಾಸು ಯಾವುದೂ ನಿಮಗೆ ಗೊತ್ತಾಗುವುದಿಲ್ಲ. ಇಂಥ ಪಾದಗಳನ್ನು ಹೊತ್ತು ನಡೆಯುವವರು ಲಕ್ಷಗಟ್ಟಲೆ ಇದ್ದಾರೆ. ಅವರಲ್ಲಿ ಹಲವರು ಕೊನೆಗೆ ಬೆರಳನ್ನೋ ಪಾದವನ್ನೋ ಕಳೆದುಕೊಳ್ಳುತ್ತಾರೆ.

ಈ ನಷ್ಟವನ್ನು ಬಹುಮಟ್ಟಿಗೆ ತಡೆಯಬಹುದು. ತಡೆಯುವ ಸಾಧನಗಳೂ ದುಬಾರಿಯಲ್ಲ: ಪ್ಲಾಸ್ಟರ್ ಪಟ್ಟಿ, ಮೆತ್ತನೆಯ ರಬ್ಬರಿನ ಚಪ್ಪಲಿ, ನೈಲಾನ್ ಎಳೆ, ಉಷ್ಣತಾಮಾಪಕ ಮತ್ತು ಪ್ರತಿದಿನ ಕಾಲನ್ನು ನೋಡಿಕೊಳ್ಳುವ ಅಭ್ಯಾಸ. ಚುಚ್ಚುಮದ್ದೂ ಇಲ್ಲ, ಮಾತ್ರೆಯೂ ಇಲ್ಲ, ಕತ್ತಿಯೂ ಇಲ್ಲ. ಈ ಜ್ಞಾನದ ಒಂದು ದೊಡ್ಡ ಭಾಗ ರೂಪುಗೊಂಡದ್ದು ನಮ್ಮ ನೆರೆಯ ವೆಲ್ಲೂರಿನ ಸುತ್ತಮುತ್ತ, ಸಮಾಜ ಹೊರಗಿಟ್ಟಿದ್ದ ಕುಷ್ಠರೋಗಿಗಳ ನಡುವೆ. ಅದು ಹೇಗೆ ರೂಪುಗೊಂಡಿತು, ಅಲ್ಲಿಂದ ಮಧುಮೇಹಿಗಳ ಕಾಲಿಗೆ ಹೇಗೆ ತಲಪಿತು ಎಂಬುದನ್ನು ಇಲ್ಲಿ ನೋಡೋಣ.

ನರಗಳು ಸೋತಾಗ

ಮಿದುಳು ಮತ್ತು ಮಿದುಳುಬಳ್ಳಿಯಿಂದ ಹೊರಟು ದೇಹದ ಮೂಲೆಮೂಲೆಗೂ ಹರಡಿರುವ ನರಗಳನ್ನು ಪರಿಧೀಯ ನರಗಳು ಎನ್ನುತ್ತೇವೆ. ಇವುಗಳಲ್ಲಿ ಮೂರು ಬಗೆಯ ತಂತುಗಳಿವೆ. ಸ್ಪರ್ಶ, ನೋವು, ಬಿಸಿ, ತಂಪುಗಳ ಸುದ್ದಿಯನ್ನು ಒಳಗೆ ಒಯ್ಯುವವು ಸಂವೇದನಾ ತಂತುಗಳು. ಸ್ನಾಯುಗಳಿಗೆ ಆಜ್ಞೆ ಒಯ್ಯುವವು ಚಾಲಕ ತಂತುಗಳು. ಬೆವರು, ರಕ್ತನಾಳಗಳ ಹಿಗ್ಗುವಿಕೆ ಮುಂತಾದವನ್ನು ನೋಡಿಕೊಳ್ಳುವವು ಸ್ವಯಂಚಾಲಿತ ತಂತುಗಳು. ಇವು ಹಾಳಾಗುವ ಸ್ಥಿತಿಯೇ ಪರಿಧೀಯ ನರರೋಗ.

ಕಾರಣಗಳು ಅನೇಕ. ಮಧುಮೇಹ, ಕುಷ್ಠರೋಗ, ಅತಿಯಾದ ಮದ್ಯಪಾನ, ಬಿ12 ಜೀವಸತ್ವದ ಕೊರತೆ, ಕ್ಯಾನ್ಸರ್ ಚಿಕಿತ್ಸೆಯ ಕೆಲವು ಔಷಧಿಗಳು ಇವುಗಳಲ್ಲಿ ಮುಖ್ಯ. ಮಧುಮೇಹದಲ್ಲಿ ಅತ್ಯಂತ ಉದ್ದವಾದ ನರಗಳಿಗೆ ಮೊದಲು ಪೆಟ್ಟು ಬೀಳುತ್ತದೆ. ಆದ್ದರಿಂದಲೇ ತೊಂದರೆ ಕಾಲ್ಬೆರಳುಗಳ ತುದಿಯಲ್ಲಿ ಆರಂಭವಾಗಿ ಮೇಲಕ್ಕೆ ಏರುತ್ತದೆ. ಕೆಲವರಿಗೆ ಉರಿ, ಚುಚ್ಚುವಿಕೆ ಇರುತ್ತದೆ. ಇನ್ನು ಕೆಲವರಿಗೆ ಏನೂ ಇರುವುದಿಲ್ಲ, ಪಾದ ಸದ್ದಿಲ್ಲದೆ ಮರಗಟ್ಟುತ್ತದೆ. ಎರಡನೆಯದು ಹೆಚ್ಚು ಅಪಾಯಕಾರಿ. ನೋವಿದ್ದವರು ವೈದ್ಯರ ಬಳಿಗೆ ಹೋಗುತ್ತಾರೆ, ನೋವಿಲ್ಲದವರು ಏಕೆ ಹೋದಾರು?

ಮೂರು ಬಗೆಯ ತಂತುಗಳೂ ಸೋತಾಗ ಪಾದದಲ್ಲಿ ಆಗುವುದನ್ನು ಗಮನಿಸಿ. ಒಳಸ್ನಾಯುಗಳು ಬಲಗುಂದಿ ಬೆರಳುಗಳು ಉಗುರಿನಂತೆ ಬಾಗುತ್ತವೆ. ಹೀಗಾಗಿ ಬೆರಳುಗಳ ಬುಡದ ಮೂಳೆಗಳು ನೆಲಕ್ಕೆ ಒತ್ತುತ್ತವೆ. ಬೆವರು ನಿಂತು ಚರ್ಮ ಒಣಗಿ ಬಿರಿಯುತ್ತದೆ. ಸಂವೇದನೆ ಇಲ್ಲದ್ದರಿಂದ ಇವೆರಡೂ ಗಮನಕ್ಕೆ ಬರುವುದಿಲ್ಲ. ಹುಣ್ಣಿಗೆ ಬೇಕಾದ ಸಿದ್ಧತೆ ಪೂರ್ಣವಾಯಿತು.

‘ಮಾಂಸ ತಾನಾಗಿ ಕೊಳೆಯುತ್ತದೆ’

ಮಧುಮೇಹ ನರಗಳನ್ನು ಹಾಳುಮಾಡುತ್ತದೆ ಎಂಬ ವಿಚಾರವನ್ನು ಫ್ರಾನ್ಸಿನ ಮಾರ್ಶಲ್ ದ ಕಾಲ್ವಿ 1864ರಲ್ಲಿಯೇ ಮುಂದಿಟ್ಟಿದ್ದರು. ಕುಷ್ಠರೋಗದ ಬ್ಯಾಕ್ಟೀರಿಯಾವನ್ನು ನಾರ್ವೆಯ ಆರ್ಮಾವರ್ ಹ್ಯಾನ್ಸನ್ 1873ರಲ್ಲಿ ಗುರುತಿಸಿದರು. 1941ರಲ್ಲಿ ಅಮೆರಿಕದ ಲೂಸಿಯಾನಾ ರಾಜ್ಯದ ಕಾರ್ವಿಲ್ ಆಸ್ಪತ್ರೆಯಲ್ಲಿ ಸಲ್ಫೋನ್ ಜಾತಿಯ ಔಷಧಿ ಮೊದಲ ಬಾರಿಗೆ ಈ ರೋಗದ ಮೇಲೆ ಪರಿಣಾಮ ತೋರಿತು. 1982ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಹು ಔಷಧಿ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ರೋಗಾಣುವನ್ನು ಕೊಲ್ಲುವ ಕೆಲಸ ಹೀಗೆ ಸಾಧ್ಯವಾಯಿತು.

ಆದರೆ ಒಂದು ಒಗಟು ಉಳಿಯಿತು. ರೋಗಾಣುಗಳು ಸತ್ತು, ವೈದ್ಯರು ‘ಗುಣವಾಗಿದೆ’ ಎಂದು ಹೇಳಿದ ಮೇಲೂ ಜನರ ಬೆರಳುಗಳು ಮೊಟುಕಾಗುತ್ತಲೇ ಇದ್ದವು, ಅಂಗಾಲಿನ ಹುಣ್ಣುಗಳು ಮರುಕಳಿಸುತ್ತಲೇ ಇದ್ದವು. ಕುಷ್ಠರೋಗಿಯ ಮಾಂಸವೇ ಕೆಟ್ಟದ್ದು, ಅದು ತಾನಾಗಿ ಕೊಳೆಯುತ್ತದೆ, ಅದರ ಗಾಯ ಮಾಯುವುದಿಲ್ಲ ಎಂದು ಜನರಷ್ಟೇ ಅಲ್ಲ, ವೈದ್ಯರೂ ನಂಬಿದ್ದರು. ಈ ನಂಬಿಕೆ ನಿಜವಾಗಿದ್ದರೆ ಮಾಡಲು ಏನೂ ಉಳಿದಿರಲಿಲ್ಲ.

ಚೆಂಗಲ್ಪಟ್ಟಿನ ಕೈಕುಲುಕು

ಪಾಲ್ ಬ್ರ್ಯಾಂಡ್ ಹುಟ್ಟಿದ್ದು 1914ರಲ್ಲಿ, ತಮಿಳುನಾಡಿನ ಕೊಲ್ಲಿಮಲೆಯಲ್ಲಿ. ತಂದೆತಾಯಿಗಳು ಇಂಗ್ಲೆಂಡಿನಿಂದ ಬಂದ ಮಿಷನರಿಗಳು. ಲಂಡನ್ನಿನಲ್ಲಿ ಶಸ್ತ್ರವೈದ್ಯಕೀಯ ಕಲಿತ ಅವರು 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದರು. ಮರುವರ್ಷ, ಕುಷ್ಠರೋಗ ತಜ್ಞ ರಾಬರ್ಟ್ ಕಾಕ್ರೇನ್ ಅವರ ಆಹ್ವಾನದ ಮೇಲೆ ಚೆಂಗಲ್ಪಟ್ಟಿನ ಕುಷ್ಠರೋಗ ಚಿಕಿತ್ಸಾಲಯವನ್ನು ನೋಡಲು ಹೋದರು. ಅಲ್ಲಿ ಬೆರಳುಗಳು ಬಾಗಿದ್ದ ಒಬ್ಬ ರೋಗಿಗೆ ತಮ್ಮ ಕೈಯನ್ನು ಹಿಡಿದು ಒತ್ತುವಂತೆ ಹೇಳಿದರು. ಆತ ಒತ್ತಿದಾಗ ಬ್ರ್ಯಾಂಡ್ ನೋವಿನಿಂದ ಕೂಗಿಕೊಂಡರು. ‘ಕೊಳೆತ’ ಕೈಯಲ್ಲಿ ಇಷ್ಟು ಬಲವೇ? ಹಾಗಾದರೆ ಸ್ನಾಯುಗಳು ಚೆನ್ನಾಗಿಯೇ ಇವೆ ಎಂದಾಯಿತು. ತನ್ನ ಹಿಡಿತ ಎದುರಿನವರಿಗೆ ನೋವು ಕೊಡುತ್ತಿದೆ ಎಂಬುದೂ ಆ ವ್ಯಕ್ತಿಗೆ ತಿಳಿಯಲಿಲ್ಲ. ಈ ಎರಡು ಸಂಗತಿಗಳಿಂದ ಒಂದು ಸಂಶೋಧನೆಯೇ ಆರಂಭವಾಯಿತು.

ಶವಪರೀಕ್ಷೆಗಳಲ್ಲಿ ನರಗಳನ್ನು ಉದ್ದಕ್ಕೂ ಬಿಡಿಸಿ ನೋಡಿದಾಗ ಅವು ಕೆಲವು ನಿರ್ದಿಷ್ಟ ಸ್ಥಳಗಳಲ್ಲಿ ಮಾತ್ರ ಊದಿಕೊಂಡಿದ್ದವು. ಮೊಣಕೈ, ಮಣಿಕಟ್ಟು, ಮೊಣಕಾಲು, ಕಣಕಾಲುಗಳ ಬಳಿ, ಅಂದರೆ ನರಗಳು ಚರ್ಮಕ್ಕೆ ಹತ್ತಿರವಾಗಿ ಸಾಗುವ ತಂಪಾದ ಕಡೆಗಳಲ್ಲಿ. ಬೆರಳುಗಳ ಮಾಂಸದಲ್ಲಿ ರೋಗಾಣುಗಳ ವಿಶೇಷ ಧಾಳಿಯೇನೂ ಕಾಣಲಿಲ್ಲ. ಹಾನಿಯಾಗಿದ್ದು ತಂತಿಗೆ, ದೀಪ ಆರಿದ್ದು ಅದರ ಪರಿಣಾಮ. ಹಾಗಾದರೆ ಬೆರಳುಗಳನ್ನು ತಿನ್ನುತ್ತಿದ್ದದ್ದು ಏನು?

ಬೀಗ ಮತ್ತು ಬೆಕ್ಕು

ಉತ್ತರ ಸಿಕ್ಕಿದ್ದು ಒಂದು ತುಕ್ಕು ಹಿಡಿದ ಬೀಗದಿಂದ. ಬ್ರ್ಯಾಂಡ್ ಎಷ್ಟು ತಿರುಗಿಸಿದರೂ ಕೀಲಿಕೈ ತಿರುಗಲಿಲ್ಲ. ಪಕ್ಕದಲ್ಲಿದ್ದ ಬಡಕಲು ಹುಡುಗನೊಬ್ಬ, ರೋಗಿ, ಮುಂದೆ ಬಂದು ಸಲೀಸಾಗಿ ತಿರುಗಿಸಿಬಿಟ್ಟ. ನೆಲದ ಮೇಲೆ ರಕ್ತದ ಹನಿಗಳು ಬಿದ್ದವು. ಕೀಲಿಕೈ ಅವನ ಬೆರಳನ್ನು ಮೂಳೆಯವರೆಗೆ ಸೀಳಿತ್ತು, ಅವನಿಗೆ ಅದು ಗೊತ್ತೇ ಇರಲಿಲ್ಲ. ಹುಡುಗನಿಗೆ ಹೆಚ್ಚಿನ ಬಲವೇನೂ ಇರಲಿಲ್ಲ. ಬ್ರ್ಯಾಂಡ್ ಅವರ ಬೆರಳು ‘ಸಾಕು’ ಎಂದ ಕಡೆ ಅವನ ಬೆರಳು ಸುಮ್ಮನಿತ್ತು, ಅಷ್ಟೇ.

ಇದಾದ ಮೇಲೆ ವೆಲ್ಲೂರಿನ ಕಾಲೇಜಿನ ಆವರಣದಲ್ಲಿದ್ದ ‘ನವ ಜೀವ ನಿಲಯ’ ಎಂಬ ಪುನರ್ವಸತಿ ಕೇಂದ್ರದಲ್ಲಿ ಪ್ರತಿಯೊಂದು ಗಾಯದ ಮೂಲವನ್ನೂ ಹುಡುಕುವ ಪತ್ತೇದಾರಿ ಕೆಲಸ ನಡೆಯಿತು. ಬಿಸಿ ಪಾತ್ರೆ, ಲಾಂದ್ರದ ಗಾಜು, ಸುತ್ತಿಗೆಯ ಒರಟು ಹಿಡಿ, ಚಪ್ಪಲಿಯಿಂದ ಮೇಲೆದ್ದ ಮೊಳೆ. ಹುಡುಕಿದಂತೆಲ್ಲ ಕಾರಣಗಳು ಸಿಗುತ್ತಾ ಹೋದವು. ಒಂದು ಒಗಟು ಮಾತ್ರ ಬಿಡಿಸಲಾಗಲಿಲ್ಲ. ಕೆಲವರು ಬೆಳಿಗ್ಗೆ ಏಳುವಾಗ ಬೆರಳಿನ ತುಣುಕೇ ಇರುತ್ತಿರಲಿಲ್ಲ. ರಾತ್ರಿ ಎಚ್ಚರವಿದ್ದು ಕಾದಾಗ ಕಂಡದ್ದು ಇಲಿಗಳು! ನಿದ್ರಿಸುವವರ ಬೆರಳುಗಳನ್ನು ಅವು ಕಚ್ಚುತ್ತಿದ್ದವು, ನೋವಿಲ್ಲದ್ದರಿಂದ ಯಾರೂ ಏಳುತ್ತಿರಲಿಲ್ಲ. ಅಂದಿನಿಂದ ಮನೆಗೆ ಹಿಂದಿರುಗುವ ರೋಗಿಗಳ ಕೈಗೆ ಒಂದೊಂದು ಬೆಕ್ಕನ್ನು ಕೊಟ್ಟು ಕಳುಹಿಸುವ ಪದ್ಧತಿ ಬಂತು. ಪರಿಧೀಯ ನರರೋಗದ ಇತಿಹಾಸದಲ್ಲಿ ಔಷಧಿಯಿಲ್ಲದ ಚಿಕಿತ್ಸೆಗೆ ಇದಕ್ಕಿಂತ ಸರಳ ಉದಾಹರಣೆ ಸಿಗಲಾರದು.

ಮಾಂಸ ತಾನಾಗಿ ಕೊಳೆಯುತ್ತಿರಲಿಲ್ಲ. ನೋವೆಂಬ ಕಾವಲುಗಾರ ಇಲ್ಲದ ಮನೆಗೆ ದಿನವೂ ಕನ್ನ ಬೀಳುತ್ತಿತ್ತು.

ಒತ್ತಡದ ಲೆಕ್ಕ

ಬೆರಳುಗಳ ಗಾಯಕ್ಕೆ ಕಾರಣ ಸಿಕ್ಕಿತು. ಆದರೆ ಅಂಗಾಲಿನ ಹುಣ್ಣು? ಮುಳ್ಳು ತುಳಿಯದ, ಬೆಂಕಿ ಮುಟ್ಟದ ಪಾದದಲ್ಲೂ ಹುಣ್ಣಾಗುತ್ತದಲ್ಲ? ಇದಕ್ಕೆ ಉತ್ತರ ನಿಮ್ಮ ಪ್ರೌಢಶಾಲೆಯ ಭೌತಶಾಸ್ತ್ರದಲ್ಲಿಯೇ ಇದೆ. ಒತ್ತಡ = ಬಲ ÷ ವಿಸ್ತೀರ್ಣ.

60 ಕಿಲೋಗ್ರಾಂ ತೂಕದ ವ್ಯಕ್ತಿ ಒಂದೇ ಕಾಲಿನ ಮೇಲೆ ನಿಂತಿದ್ದಾನೆ ಎಂದುಕೊಳ್ಳಿ. ಅಂಗಾಲಿನ 120 ಚದರ ಸೆಂಟಿಮೀಟರ್ ನೆಲಕ್ಕೆ ತಾಗಿದ್ದರೆ ಪ್ರತಿ ಚದರ ಸೆಂಟಿಮೀಟರಿಗೆ ಬೀಳುವುದು ಅರ್ಧ ಕಿಲೋಗ್ರಾಂ ಭಾರ. ನಡೆಯುವಾಗ ಹಿಮ್ಮಡಿ ಮೇಲೆದ್ದು, ಅದೇ ಭಾರ ಬೆರಳುಗಳ ಬುಡದ 12 ಚದರ ಸೆಂಟಿಮೀಟರಿನ ಮೇಲೆ ಬಿದ್ದರೆ ಅದು 5 ಕಿಲೋಗ್ರಾಂ ಆಗುತ್ತದೆ, ಹತ್ತು ಪಟ್ಟು. ದಿನಕ್ಕೆ 6,000 ಹೆಜ್ಜೆ ನಡೆದರೆ ಒಂದೊಂದು ಪಾದಕ್ಕೂ 3,000 ಬಾರಿ ಈ ಪೆಟ್ಟು.

ಬ್ರ್ಯಾಂಡ್ ಹಾನಿಯನ್ನು ಮೂರು ಬಗೆಯಾಗಿ ವಿಂಗಡಿಸಿದರು. ಮೊಳೆ, ಗಾಜಿನ ಚೂರಿನ ಅತಿ ಹೆಚ್ಚಿನ ಒತ್ತಡ ಒಮ್ಮೆಲೇ ಚರ್ಮವನ್ನು ಹರಿಯುತ್ತದೆ. ಬಿಗಿಯಾದ ಬೂಟಿನ ಕಡಿಮೆ ಒತ್ತಡ ಗಂಟೆಗಟ್ಟಲೆ ಮುಂದುವರಿದರೆ ರಕ್ತಸಂಚಾರ ನಿಂತು ಜೀವಕೋಶಗಳು ಸಾಯುತ್ತವೆ. ಮೂರನೆಯದು ಮಿತವಾದ ಒತ್ತಡವೇ, ಆದರೆ ಸಾವಿರಾರು ಬಾರಿ ಒಂದೇ ಜಾಗದಲ್ಲಿ. ಮುಂದೆ ಕಾರ್ವಿಲ್‌ನಲ್ಲಿ ಇಲಿಗಳ ಪಾದಕ್ಕೆ ಯಂತ್ರದಿಂದ ಇಂಥ ಒತ್ತಡವನ್ನು ಪ್ರತಿದಿನ ಸಾವಿರಾರು ಬಾರಿ ಕೊಟ್ಟು ನೋಡಲಾಯಿತು. ಮೊದಲು ಪಾದ ಬಿಸಿಯಾಗಿ ಊದಿಕೊಂಡಿತು. ಬಿಡುವಿಲ್ಲದೆ ಮುಂದುವರಿಸಿದಾಗ ಕೆಲವೇ ದಿನಗಳಲ್ಲಿ ಹುಣ್ಣಾಯಿತು.

ಹಾಗಾದರೆ ನಮಗೇಕೆ ಹುಣ್ಣಾಗುವುದಿಲ್ಲ? ದೂರ ನಡೆದಾಗ ಪಾದದ ಒಂದು ಭಾಗ ಸ್ವಲ್ಪ ನೋಯಲು ತೊಡಗುತ್ತದೆ. ನಮಗೆ ಅರಿವಿಲ್ಲದೆಯೇ ನಾವು ಹೆಜ್ಜೆಯನ್ನು ಬದಲಿಸುತ್ತೇವೆ, ಭಾರವನ್ನು ಬೇರೆ ಕಡೆಗೆ ಸರಿಸುತ್ತೇವೆ, ಕೊನೆಗೆ ಕುಂಟುತ್ತೇವೆ. ನೋವರಿಯದ ಪಾದ ಮಾತ್ರ ಮೊದಲ ಹೆಜ್ಜೆಯಂತೆಯೇ ಮೂರು ಸಾವಿರದನೆಯ ಹೆಜ್ಜೆಯನ್ನೂ ಇಡುತ್ತದೆ. ಹುಣ್ಣಾದ ಮೇಲೂ ಅದರ ಮೇಲೆಯೇ ನಡೆಯುತ್ತದೆ. ಗಾಯ ಮಾಯದಿರಲು ಕಾರಣ ‘ಕೆಟ್ಟ ಮಾಂಸ’ ಅಲ್ಲ, ಸಿಗದ ವಿಶ್ರಾಂತಿ.

ಪ್ಲಾಸ್ಟರಿನ ಬೂಟು

ವಿಶ್ರಾಂತಿ ಕೊಡುವುದು ಹೇಗೆ? ಹಾಸಿಗೆಯಲ್ಲಿ ತಿಂಗಳುಗಟ್ಟಲೆ ಮಲಗಿಸಬಹುದು. ಆದರೆ ದಿನಗೂಲಿಯವನು ಮಲಗಿದರೆ ಮನೆಯವರ ಹೊಟ್ಟೆಪಾಡು? ಇದಕ್ಕೆ 1930ರ ದಶಕದಲ್ಲಿಯೇ ಒಂದು ಉಪಾಯವನ್ನು ಸಿಲೋನಿನ ಶಸ್ತ್ರವೈದ್ಯ ಮಿಲ್‌ರಾಯ್ ಪಾಲ್ ಮತ್ತು ಭಾರತದ ಜೋಸೆಫ್ ಖಾನ್ ಬಳಸಿದ್ದರು. ಮೂಳೆ ಮುರಿದಾಗ ಹಾಕುವ ಪ್ಲಾಸ್ಟರನ್ನೇ ಹುಣ್ಣಾದ ಕಾಲಿಗೆ, ಮೊಣಕಾಲಿನ ಕೆಳಗಿನವರೆಗೆ ಹಾಕಿಬಿಡುವುದು! ಬ್ರ್ಯಾಂಡ್ ಮತ್ತು ಅವರ ಸಂಗಡಿಗರು ಈ ಕ್ರಮವನ್ನು ಬೆಳೆಸಿದರು.

ಪಾದದ ಏರಿಳಿತಗಳಿಗೆ ಸರಿಯಾಗಿ ಅಂಟಿಕೊಳ್ಳುವ ಈ ಪ್ಲಾಸ್ಟರಿನೊಳಗೆ ಭಾರ ಇಡೀ ಅಂಗಾಲಿಗೆ ಹಂಚಿಹೋಗುತ್ತದೆ. ಒಂದು ಪಾಲನ್ನು ಮೀನಖಂಡದ ಸುತ್ತಲಿನ ಗೋಡೆಯೇ ಹೊರುತ್ತದೆ. ಕಣಕಾಲು ಬಾಗದ್ದರಿಂದ ಹೆಜ್ಜೆ ಚಿಕ್ಕದಾಗುತ್ತದೆ. ಲೆಕ್ಕದಲ್ಲಿ ಛೇದವನ್ನು ದೊಡ್ಡದು ಮಾಡಿ ಒತ್ತಡವನ್ನು ಇಳಿಸಿದಂತೆ. ರೋಗಿ ನಡೆದಾಡುತ್ತಲೇ ಇರಬಹುದು. ಕೆಲವು ವಾರಗಳ ನಂತರ ಪ್ಲಾಸ್ಟರ್ ಕತ್ತರಿಸಿ ನೋಡಿದಾಗ, ವರ್ಷಗಟ್ಟಲೆ ಮಾಯದ ಹುಣ್ಣುಗಳು ಮಾಯತೊಡಗಿದ್ದವು. ಕುಷ್ಠರೋಗಿಯ ಮಾಂಸವೂ ಎಲ್ಲರ ಮಾಂಸದಂತೆಯೇ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಸೋಂಕು ತೀವ್ರವಾಗಿರುವ ಅಥವಾ ರಕ್ತಸಂಚಾರ ತೀರ ಕುಗ್ಗಿರುವ ಕಾಲಿಗೆ ಮಾತ್ರ ಪ್ಲಾಸ್ಟರ್ ಅಪಾಯ. ಆದ್ದರಿಂದ ಇದು ತರಬೇತಾದವರ ಕೈಕೆಲಸ.

ಮೆತ್ತನೆಯ ಅಟ್ಟೆ

ಮಾಗಿದ ಗಾಯ ಮತ್ತೆ ಒಡೆಯದಂತೆ ನೋಡಿಕೊಳ್ಳುವುದು ಮುಂದಿನ ಸವಾಲು. ಮರದ ಪಾದರಕ್ಷೆ, ಪ್ಲಾಸ್ಟಿಕ್, ಪಾದದ ಅಚ್ಚು ತೆಗೆದು ಮಾಡಿದ ಬೂಟು ಹೀಗೆ ಅನೇಕ ಪ್ರಯೋಗಗಳಾದವು. ಕೊನೆಗೆ ಒದಗಿದ್ದು ಸೂಕ್ಷ್ಮರಂಧ್ರ ರಬ್ಬರು. ಸಣ್ಣ ಗಾಳಿಗುಳ್ಳೆಗಳು ತುಂಬಿದ ಈ ರಬ್ಬರು ಅಂಗಾಲಿನ ಆಕಾರಕ್ಕೆ ತಗ್ಗುತ್ತದೆ, ಆದರೆ ಪೂರ್ತಿ ಚಪ್ಪಟೆಯಾಗುವುದಿಲ್ಲ. ವೆಲ್ಲೂರಿನ ಹತ್ತಿರ ಕರಿಗಿರಿಯಲ್ಲಿ 1955ರಲ್ಲಿ ಆರಂಭವಾದ ಶೀಫೆಲಿನ್ ಕುಷ್ಠರೋಗ ಸಂಶೋಧನಾ ಕೇಂದ್ರ ಈ ಕೆಲಸದ ಮುಖ್ಯ ನೆಲೆಯಾಯಿತು.

ಈ ಚಪ್ಪಲಿಯ ರಚನೆಯನ್ನು ಗಮನಿಸಿದರೆ ಪ್ರತಿಯೊಂದಕ್ಕೂ ಕಾರಣವಿರುವುದು ತಿಳಿಯುತ್ತದೆ. ಮೇಲಿನ ಪದರ ಮೆತ್ತಗಿದ್ದು ಭಾರ ಹಂಚುತ್ತದೆ. ಕೆಳಗಿನ ಅಟ್ಟೆ ಗಟ್ಟಿಯಾಗಿದ್ದು ಮುಳ್ಳನ್ನು ತಡೆಯುತ್ತದೆ. ಎಲ್ಲಿಯೂ ಮೊಳೆ ಹೊಡೆಯುವುದಿಲ್ಲ, ಅಂಟು ಮತ್ತು ಹೊಲಿಗೆ ಮಾತ್ರ. ಹಿಮ್ಮಡಿಯ ಹಿಂದೆ ಪಟ್ಟಿ ಇರುತ್ತದೆ, ಏಕೆಂದರೆ ಮರಗಟ್ಟಿದ ಕಾಲಿನಿಂದ ಚಪ್ಪಲಿ ಕಳಚಿಬಿದ್ದರೂ ಅದು ತಿಳಿಯದು. ರಾಷ್ಟ್ರೀಯ ಕುಷ್ಠರೋಗ ನಿರ್ಮೂಲನ ಕಾರ್ಯಕ್ರಮದಲ್ಲಿ ಇಂದಿಗೂ ಕೊಡಲಾಗುವ ‘ಎಂ.ಸಿ.ಆರ್. ಚಪ್ಪಲಿ’ ಇದೇ. ಕುಷ್ಠರೋಗ ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಉಳಿದಿಲ್ಲವೆಂದು 2005ರ ಕೊನೆಗೆ ನಮ್ಮ ದೇಶ ಘೋಷಿಸಿದ್ದರೂ, 2022ರಲ್ಲಿ ಇಲ್ಲಿ ಪತ್ತೆಯಾದ ಹೊಸ ರೋಗಿಗಳ ಸಂಖ್ಯೆ ಸುಮಾರು 1 ಲಕ್ಷ. ಚಪ್ಪಲಿಯ ಅಗತ್ಯ ಮುಗಿದಿಲ್ಲ.

ಕಾರ್ವಿಲ್‌ಗೆ ಪಯಣ

1966ರಲ್ಲಿ ಬ್ರ್ಯಾಂಡ್ ಕಾರ್ವಿಲ್ ಆಸ್ಪತ್ರೆಗೆ ಹೋದರು. ಅಲ್ಲಿ ಅವರು ಗಮನಿಸಿದ ಸಂಗತಿ ಮಹತ್ವದ್ದು. ಅಮೆರಿಕದಲ್ಲಿ ಕುಷ್ಠರೋಗಿಗಳು ಕೆಲವೇ ಸಾವಿರ, ಆದರೆ ಅದೇ ಬಗೆಯ ಅಂಗಾಲಿನ ಹುಣ್ಣಿನಿಂದ ಕಾಲು ಕತ್ತರಿಸಿಕೊಳ್ಳುತ್ತಿದ್ದ ಮಧುಮೇಹಿಗಳು ಅಸಂಖ್ಯ. ಮಧುಮೇಹದ ಹುಣ್ಣಿಗೆ ರಕ್ತನಾಳಗಳ ದೋಷವೇ ಕಾರಣವೆಂಬ ಭಾವನೆ ಆಗ ಪ್ರಬಲವಾಗಿತ್ತು. ಅನೇಕರಲ್ಲಿ ಮುಖ್ಯ ಕಾರಣ ಸಂವೇದನೆಯ ನಷ್ಟ ಮತ್ತು ಒತ್ತಡ ಎಂದು ಕಾರ್ವಿಲ್ ತಂಡ ಹೇಳಿತು. ಭಾರತದ ಪ್ಲಾಸ್ಟರು, ಭಾರತದ ಚಪ್ಪಲಿಯ ತತ್ವ ಹೀಗೆ ಸಮುದ್ರ ದಾಟಿ ಮಧುಮೇಹಿಗಳ ಕಾಲಿಗೆ ಬಂದವು.

ಪ್ಲಾಸ್ಟರನ್ನು ಮುಂದೆ ಕ್ರಮಬದ್ಧವಾಗಿ ಪರೀಕ್ಷಿಸಲಾಯಿತು. 1989ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪ್ಲಾಸ್ಟರ್ ಹಾಕಿದ 21 ಮಧುಮೇಹಿಗಳಲ್ಲಿ 19 ಮಂದಿಯ ಹುಣ್ಣು ಮಾಯಿತು. ಬರಿಯ ಪಟ್ಟಿ ಕಟ್ಟಿದ 19 ಮಂದಿಯಲ್ಲಿ ಮಾಯ್ದದ್ದು 6 ಮಂದಿಗೆ. 2001ರ ಇನ್ನೊಂದು ಅಧ್ಯಯನ 63 ಮಂದಿಯನ್ನು ಮೂರು ಗುಂಪು ಮಾಡಿತು. 12 ವಾರಗಳಲ್ಲಿ ಪ್ಲಾಸ್ಟರ್ ಗುಂಪಿನಲ್ಲಿ ನೂರಕ್ಕೆ ಸುಮಾರು 90, ಬಿಚ್ಚಬಹುದಾದ ಎತ್ತರದ ಬೂಟಿನ ಗುಂಪಿನಲ್ಲಿ 65, ಅರ್ಧ ಬೂಟಿನ ಗುಂಪಿನಲ್ಲಿ 58 ಮಂದಿಗೆ ಗುಣವಾಯಿತು.

ಪ್ಲಾಸ್ಟರು ಹಾಗೂ ಬಿಚ್ಚಬಹುದಾದ ಬೂಟು ಎರಡೂ ಒತ್ತಡವನ್ನು ಚೆನ್ನಾಗಿಯೇ ಇಳಿಸುತ್ತವೆ. ಹಾಗಿದ್ದೂ ಈ ಅಂತರ ಏಕೆ? ರೋಗಿಗಳಿಗೆ ಹೆಜ್ಜೆ ಎಣಿಸುವ ಯಂತ್ರ ಕಟ್ಟಿ 2003ರಲ್ಲಿ ಉತ್ತರ ಕಂಡುಕೊಳ್ಳಲಾಯಿತು. ಅವರು ಬೂಟು ಹಾಕಿಕೊಂಡು ಇಟ್ಟ ಹೆಜ್ಜೆಗಳು ನೂರಕ್ಕೆ 28 ಮಾತ್ರ! ಮನೆಯೊಳಗೆ ನಾಲ್ಕು ಹೆಜ್ಜೆ ತಾನೇ ಎಂದು ಬಿಚ್ಚಿಡುತ್ತಿದ್ದರು. ನೋವಿಲ್ಲದವರಿಗೆ ಬಿಚ್ಚಬಾರದೆಂಬ ಎಚ್ಚರಿಕೆಯನ್ನು ಯಾರು ಕೊಡಬೇಕು? ಬಿಚ್ಚಲಾಗದಿರುವುದೇ ಪ್ಲಾಸ್ಟರಿನ ದೊಡ್ಡ ಗುಣ. ಮಧುಮೇಹ ಪಾದದ ಬಗ್ಗೆ 2019 ಹಾಗೂ 2023ರಲ್ಲಿ ಹೊರಬಂದ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಪಾದದ ಮುಂಭಾಗ ಮತ್ತು ನಡುಭಾಗದ ಇಂಥ ಹುಣ್ಣಿಗೆ ಮೊಣಕಾಲಿನವರೆಗಿನ, ಬಿಚ್ಚಲಾಗದ ಸಾಧನವನ್ನೇ ಮೊದಲ ಆಯ್ಕೆಯೆಂದು ಹೇಳುತ್ತವೆ.

ಒಂದು ನೈಲಾನ್ ಎಳೆ, ಒಂದು ಉಷ್ಣತಾಮಾಪಕ

ಯಾರ ಪಾದ ಅಪಾಯದಲ್ಲಿದೆಯೆಂದು ಹುಣ್ಣಾಗುವ ಮೊದಲೇ ತಿಳಿಯುವುದು ಹೇಗೆ? ಜರ್ಮನಿಯ ಮ್ಯಾಕ್ಸ್ ಫಾನ್ ಫ್ರೈ 1890ರ ದಶಕದಲ್ಲಿ ಕೋಲಿನ ತುದಿಗೆ ಕೂದಲೆಳೆಗಳನ್ನು ಅಂಟಿಸಿ ಸ್ಪರ್ಶಜ್ಞಾನವನ್ನು ಅಳೆದಿದ್ದರು. 1960ರಲ್ಲಿ ಅಮೆರಿಕದ ಜೋಸೆಫಿನ್ ಸೆಮ್ಸ್ ಮತ್ತು ಸಿಡ್ನಿ ವೈನ್‌ಸ್ಟೈನ್ ಕೂದಲಿನ ಬದಲು ನೈಲಾನ್ ಎಳೆಗಳನ್ನು ಬಳಕೆಗೆ ತಂದರು. ಕಾರ್ವಿಲ್‌ನ ಬರ್ಕ್ ಮತ್ತು ಸಿಮ್ಸ್ 1986ರಲ್ಲಿ ಕುಷ್ಠರೋಗ ಮತ್ತು ಮಧುಮೇಹಗಳಲ್ಲಿ ಇದನ್ನು ಪರಿಶೀಲಿಸಿ, 10 ಗ್ರಾಂ ಬಲದ ಎಳೆಯ ಸ್ಪರ್ಶ ತಿಳಿಯದ ಪಾದ ರಕ್ಷಣೆಯನ್ನು ಕಳೆದುಕೊಂಡಿದೆ ಎಂದು ತೋರಿಸಿದರು. ಇಂದು ಜಗತ್ತಿನಾದ್ಯಂತ ಮಧುಮೇಹ ಚಿಕಿತ್ಸಾಲಯಗಳಲ್ಲಿ ಇದು ಬಳಕೆಯಲ್ಲಿದೆ.

ನೈಲಾನ್ ಎಳೆ 10 ಗ್ರಾಂ ಬಲವನ್ನೇ ಕೊಡುತ್ತದೆಂದು ಹೇಗೆ ಹೇಳಬಹುದು? ಉದ್ದನೆಯ ತೆಳು ಕಂಬವನ್ನು ತುದಿಯಿಂದ ಒತ್ತಿದರೆ ಒಂದು ನಿರ್ದಿಷ್ಟ ಬಲದಲ್ಲಿ ಅದು ತಟ್ಟನೆ ಬಾಗುತ್ತದೆ ಎಂದು ಗಣಿತಜ್ಞ ಆಯ್ಲರ್ 18ನೇ ಶತಮಾನದಲ್ಲಿ ತೋರಿಸಿದ್ದರು. ಬಾಗಿದ ಮೇಲೆ ಇನ್ನಷ್ಟು ಒತ್ತಿದರೂ ತುದಿಯ ಬಲ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆ ಬಲ ಎಳೆಯ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಲೋಮವಾಗಿಯೂ ಉದ್ದದ ವರ್ಗಕ್ಕೆ ವಿಲೋಮವಾಗಿಯೂ ಇರುತ್ತದೆ. ಅಂದರೆ ಪರೀಕ್ಷಿಸುವವರ ಕೈ ಭಾರವಿರಲಿ ಹಗುರವಿರಲಿ, ಎಳೆ ‘ಸಿ’ ಆಕಾರಕ್ಕೆ ಬಾಗಿದರೆ ಸಾಕು, ಪಾದಕ್ಕೆ ಬಿದ್ದ ಬಲ ಒಂದೇ.

ಉಷ್ಣತೆಯ ಸುಳಿವೂ ಕಾರ್ವಿಲ್‌ನದೇ. ಹುಣ್ಣಾಗುವ ಮೊದಲು ಆ ಜಾಗ ಬಿಸಿಯಾಗುತ್ತದೆ ಎಂದು ಬ್ರ್ಯಾಂಡ್ ಕಂಡಿದ್ದರು. ರೋಗಿಗಳೇ ಮನೆಯಲ್ಲಿ ಎರಡು ಪಾದಗಳ ಅದೇ ಅದೇ ಬಿಂದುಗಳನ್ನು ಹೋಲಿಸಿ, ವ್ಯತ್ಯಾಸ 2.2 ಡಿಗ್ರಿ ಸೆಲ್ಸಿಯಸ್ ಮೀರಿದರೆ ನಡಿಗೆ ಕಡಿಮೆ ಮಾಡುವಂತೆ ಹೇಳಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಹೀಗೆ ಅಳೆದವರಲ್ಲಿ ನೂರಕ್ಕೆ 8.5 ಮಂದಿಗೆ ಹುಣ್ಣಾದರೆ, ಸಾಮಾನ್ಯ ಆರೈಕೆಯ ಗುಂಪಿನಲ್ಲಿ 29 ಮಂದಿಗಾಯಿತು. ನೋವು ಹೇಳಬೇಕಾದ ಮಾತನ್ನು ಉಷ್ಣತಾಮಾಪಕ ಹೇಳಿತು.

ಸೋತ ಪ್ರಯೋಗಗಳ ಪಾಠ

ಬ್ರ್ಯಾಂಡ್ ತಂಡ ಕೃತಕ ನೋವನ್ನೇ ನಿರ್ಮಿಸಲು ಹೊರಟಿದ್ದೂ ಉಂಟು. ಕೈಗವಸು ಮತ್ತು ಕಾಲುಚೀಲಗಳಲ್ಲಿ ಒತ್ತಡದ ಸಂವೇದಕಗಳನ್ನು ಇಟ್ಟು, ಅಪಾಯವಾದಾಗ ಕಿವಿಯಲ್ಲಿ ಸದ್ದು ಬರುವಂತೆ ಮಾಡಿದರು. ರೋಗಿಗಳು ಸದ್ದನ್ನು ಅಲಕ್ಷಿಸಿದರು. ಆಗ ಕಂಕುಳಿಗೆ ವಿದ್ಯುತ್ತಿನ ಆಘಾತ ಕೊಡುವಂತೆ ಬದಲಿಸಿದರು. ಅವಸರದ ಕೆಲಸವಿದ್ದಾಗ ರೋಗಿಗಳು ಯಂತ್ರವನ್ನೇ ಆರಿಸಿ, ಕೆಲಸ ಮುಗಿಸಿ, ಮತ್ತೆ ಹೊತ್ತಿಸುತ್ತಿದ್ದರು. ಯೋಜನೆ ಕೈಬಿಡಬೇಕಾಯಿತು. ನಾವು ಆರಿಸಲಾಗದಂತೆ ಇರುವುದರಲ್ಲಿಯೇ ನೋವಿನ ಪ್ರಯೋಜನವಿದೆ.

ಇನ್ನೊಂದು ಸೋಲು ವ್ಯಾಪಾರಕ್ಕೆ ಸಂಬಂಧಿಸಿದ್ದು. ಅವಕೆಂಪು ಬೆಳಕನ್ನು ಪಾದಕ್ಕೆ ಹಾಯಿಸಿದರೆ ಕಳೆದುಹೋದ ಸಂವೇದನೆ ಹಿಂತಿರುಗುತ್ತದೆಂದು ಅಮೆರಿಕದಲ್ಲಿ ಯಂತ್ರಗಳು ಮಾರಾಟವಾದವು. ಬಳಸಿದ ಅನೇಕರು ‘ಗುಣ ಕಂಡಿದೆ’ ಎಂದರು. 2005ರ ಅಧ್ಯಯನವೊಂದರಲ್ಲಿ ಅರ್ಧ ಮಂದಿಗೆ ನಿಜವಾದ ಯಂತ್ರವನ್ನೂ ಉಳಿದವರಿಗೆ ಚಿಕಿತ್ಸೆಯ ಬೆಳಕು ಸೂಸದ ಅದೇ ಬಗೆಯ ಯಂತ್ರವನ್ನೂ ಬಳಸಲಾಯಿತು. ಎರಡು ಗುಂಪುಗಳಲ್ಲೂ ಸುಧಾರಣೆ ಕಂಡಿತು, ಎರಡರಲ್ಲೂ ಸಮನಾಗಿ! 2008ರ ಅಧ್ಯಯನವೂ ವ್ಯತ್ಯಾಸ ಕಾಣಲಿಲ್ಲ. ಈ ಚಿಕಿತ್ಸೆಗೆ ಹಣ ಕೊಡುವುದಿಲ್ಲವೆಂದು ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್ 2006ರಲ್ಲಿ ತೀರ್ಮಾನಿಸಿತು. ಹೋಲಿಕೆಯ ಗುಂಪು ಇಲ್ಲದ ‘ಗುಣ ಕಂಡಿದೆ’ ಎಂಬ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂಬುದಕ್ಕೆ ತರಗತಿಯಲ್ಲಿ ಹೇಳಬಹುದಾದ ಒಳ್ಳೆಯ ಉದಾಹರಣೆಯಿದು.

ಚರ್ಮದ ಮೇಲಿನಿಂದ ನರಕ್ಕೆ ಸಣ್ಣ ವಿದ್ಯುತ್ ಮಿಡಿತ ಕೊಡುವ ಕ್ರಮದ ಕತೆ ಬೇರೆ. ಮೆಲ್ಝಾಕ್ ಮತ್ತು ವಾಲ್ 1965ರಲ್ಲಿ ಮಂಡಿಸಿದ ‘ದ್ವಾರ ನಿಯಂತ್ರಣ’ ಸಿದ್ಧಾಂತ ಇದಕ್ಕೆ ಬುನಾದಿ. ಪೆಟ್ಟಾದ ಜಾಗವನ್ನು ಉಜ್ಜಿದರೆ ನೋವು ಕಡಿಮೆಯಾಗುವಂತೆ, ಸ್ಪರ್ಶದ ಸುದ್ದಿ ನೋವಿನ ಸುದ್ದಿಗೆ ಮಿದುಳುಬಳ್ಳಿಯಲ್ಲಿ ಬಾಗಿಲು ಮುಚ್ಚುತ್ತದೆ ಎಂಬುದು ಇದರ ಸಾರ. ಮಧುಮೇಹದ ನರನೋವಿಗೆ ಇದು ಬಹುಶಃ ಉಪಕಾರಿ ಎಂದು ಅಮೆರಿಕದ ನರವೈದ್ಯರ ಅಕಾಡೆಮಿ 2010ರಲ್ಲಿ ಹೇಳಿತು. ಆದರೆ ನರನೋವಿನ ಕುರಿತ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದ 2017ರ ಕಾಕ್ರೇನ್ ಸಮೀಕ್ಷೆ, ಪುರಾವೆಯ ಗುಣಮಟ್ಟ ತೀರ ಕಡಿಮೆ, ಖಚಿತವಾಗಿ ಏನೂ ಹೇಳಲಾಗದು ಎಂದಿತು. ಉಪಕಾರವಾದರೂ ಅದು ಉರಿ, ನೋವಿಗೆ ಮಾತ್ರ. ಮರಗಟ್ಟಿದ ಪಾದಕ್ಕೆ ಅರಿವು ಬರುವುದಿಲ್ಲ. ವ್ಯಾಯಾಮದ ಬಗ್ಗೆ ಆಶಾದಾಯಕ ಸುಳಿವಿದೆ. 2012ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ 10 ವಾರಗಳ ವ್ಯಾಯಾಮದ ನಂತರ ನೋವು ಇಳಿದು, ಚರ್ಮದ ನರತಂತುಗಳ ಕವಲುಗಳೂ ಹೆಚ್ಚಿದ್ದವು. ಭಾಗವಹಿಸಿದವರು 17 ಮಂದಿ ಮಾತ್ರ, ಹೋಲಿಕೆಯ ಗುಂಪೂ ಇರಲಿಲ್ಲ ಎಂಬುದನ್ನು ಮರೆಯಬಾರದು.

ನಿಮ್ಮ ಪಾಲಿನ ಕೆಲಸ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ 2021ರಲ್ಲಿ ನಮ್ಮ ದೇಶದಲ್ಲಿದ್ದ ಮಧುಮೇಹಿಗಳು ಸುಮಾರು 10.1 ಕೋಟಿ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಒಬ್ಬರಾದರೂ ಇದ್ದಾರು. ಸಂಜೆ ಒಮ್ಮೆ ಅಜ್ಜನ ಅಥವಾ ಅಜ್ಜಿಯ ಕಾಲನ್ನು ದೀಪದ ಬೆಳಕಿನಲ್ಲಿ ನೋಡಿ. ಅಂಗಾಲು, ಬೆರಳುಗಳ ಸಂದು, ಹಿಮ್ಮಡಿಯ ಬಿರುಕು, ಆಣಿ, ಗಟ್ಟಿಗಟ್ಟಿದ ಚರ್ಮ, ಒಂದೇ ಕಡೆಯ ಕೆಂಪು ಅಥವಾ ಬಿಸಿ. ಚಪ್ಪಲಿ, ಬೂಟು ಹಾಕಿಕೊಳ್ಳುವ ಮೊದಲು ಒಳಗೆ ಕೈಯಾಡಿಸಿ ನೋಡುವಂತೆ ಹೇಳಿ. ಬಿಸಿನೀರಿನ ಬಿಸಿಯನ್ನು ಕಾಲಿನಿಂದಲ್ಲ, ಮೊಣಕೈಯಿಂದ ನೋಡಲಿ; ಅದಕ್ಕಿಂತ ಮನೆಯವರೇ ನೋಡುವುದು ಮೇಲು. ಆಣಿಯನ್ನು ಬ್ಲೇಡಿನಿಂದ ಕೊಯ್ದುಕೊಳ್ಳುವುದು ಬೇಡ. ಮನೆಯೊಳಗೂ ಬರಿಗಾಲು ಬೇಡ. ಏನಾದರೂ ಕಂಡರೆ ನೋವಿಲ್ಲವೆಂದು ಸುಮ್ಮನಿರದೆ ಅಂದೇ ವೈದ್ಯರಿಗೆ ತೋರಿಸಬೇಕು. ಸಕ್ಕರೆಯ ಹತೋಟಿಗಾಗಿ ವೈದ್ಯರು ಕೊಟ್ಟ ಔಷಧಿಯನ್ನು ಬಿಡಬಾರದು ಎಂದು ಬೇರೆ ಹೇಳಬೇಕಾಗಿಲ್ಲ. ಇಲ್ಲಿ ಹೇಳಿದವು ಅದರ ಜೊತೆಗೇ ನಡೆಯಬೇಕಾದವು.

ಪಾಲ್ ಬ್ರ್ಯಾಂಡ್ 2003ರಲ್ಲಿ ತೀರಿಕೊಂಡರು. 1993ರಲ್ಲಿ ಫಿಲಿಪ್ ಯಾನ್ಸಿ ಅವರೊಡನೆ ಬರೆದ ಪುಸ್ತಕದಲ್ಲಿ ಅವರು ತಮ್ಮದೊಂದು ಅನುಭವವನ್ನು ಹೇಳಿಕೊಂಡಿದ್ದಾರೆ. 1950ರ ದಶಕದಲ್ಲಿ ಒಮ್ಮೆ ಇಂಗ್ಲೆಂಡಿನಲ್ಲಿ ದೀರ್ಘ ರೈಲು ಪ್ರಯಾಣ ಮುಗಿಸಿ ಕಾಲುಚೀಲ ತೆಗೆಯುವಾಗ ಅವರ ಹಿಮ್ಮಡಿ ಮರಗಟ್ಟಿದಂತಿತ್ತು. ಸೂಜಿ ಚುಚ್ಚಿದರೂ ನೋವಾಗಲಿಲ್ಲ. ತಮಗೂ ಕುಷ್ಠರೋಗ ತಗಲಿತೆಂದು ಅಂದುಕೊಂಡ ಅವರಿಗೆ ರಾತ್ರಿಯೆಲ್ಲ ನಿದ್ರೆ ಬರಲಿಲ್ಲ. ಬೆಳಿಗ್ಗೆ ಮತ್ತೆ ಸೂಜಿ ಚುಚ್ಚಿಕೊಂಡಾಗ ಕೂಗುವಷ್ಟು ನೋವಾಯಿತು. ರೈಲಿನಲ್ಲಿ ಒಂದೇ ಭಂಗಿಯಲ್ಲಿ ಕುಳಿತು ನರ ಒತ್ತಿಕೊಂಡಿತ್ತು, ಅಷ್ಟೇ. ಆ ನೋವಿಗಾಗಿ ಅವರು ದೇವರಿಗೆ ಕೃತಜ್ಞತೆ ಹೇಳಿದರಂತೆ. ಮುಂದಿನ ಸಲ ನಿಮ್ಮ ಕಾಲಿಗೆ ಮುಳ್ಳು ಚುಚ್ಚಿ ‘ಅಮ್ಮಾ’ ಎಂದಾಗ ನೀವೂ ಅದನ್ನು ನೆನೆದುಕೊಳ್ಳಬಹುದು.